ಘಟ್ಟ ಇಳಿದು ಉಪ್ಪಿನ ಊರಿಗೆ

ಉತ್ತರ ಕನ್ನಡದವರು ಹೊರಗೆಲ್ಲೋ ಭೇಟಿಯಾದರೆ ಹೆಸರು ಕೇಳುವ ಮೊದಲೇ "ಘಟ್ಟದ ಮೇಲೋ ಕೆಳಗೋ?" ಎಂದು ಕೇಳಿಕೊಳ್ಳುತ್ತೇವೆ. ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಕೆಳಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಮೇಲಿನವರ ಊಟ ಬೇರೆ, ಮಾತಿನ ರಾಗ ಬೇರೆ. ಶಿರಸಿಯೇ ಬೇರೆ ಜಿಲ್ಲೆಯಾಗಲಿ ಎಂಬ ಕೂಗೂ ಆಗಾಗ ಏಳುತ್ತದೆ. ಆಡಳಿತದ ದೂರ ದೊಡ್ಡದೇ, ಆ ಬೇಡಿಕೆಯ ಹಿಂದಿನ ಕಷ್ಟ ನನಗೆ ಗೊತ್ತು. ಆದರೆ ನಾನು ಬೆಳೆದ ಮನೆಯ ಅಡುಗೆಕೋಣೆಯ ಉಪ್ಪು, ಕವಳದ (ಎಲೆಯಡಿಕೆಯ) ಬಟ್ಟಲಿನ ಸುಣ್ಣ, ಮಾಡಿನ ಹೆಂಚು ಎಲ್ಲವೂ ಕೆಳಗಿನಿಂದ ಬಂದವು. ನಮ್ಮ ಅಡಿಕೆ, ಕಾಳುಮೆಣಸು ಅದೇ ಹಾದಿಯಲ್ಲಿ ಇಳಿದು ಹೋಗುತ್ತಿದ್ದವು. ಆ ಹಾದಿಯನ್ನು ಆತುರವಿಲ್ಲದೆ ಒಮ್ಮೆ ಪೂರ್ತಿ ಹಿಡಿದು ಹೋಗಬೇಕು ಎಂಬುದು ಬಹಳ ವರ್ಷಗಳ ಆಸೆ. ಅಪ್ಪಯ್ಯನ ತಮ್ಮ, ನಮ್ಮ ಅಪ್ಪಚ್ಚಿ, ಹುಡುಗನಾಗಿದ್ದಾಗ ಅಜ್ಜನ ಜೊತೆ ಎತ್ತಿನಗಾಡಿಯಲ್ಲಿ ಕುಮಟೆಗೆ ಹೋಗಿ ಬಂದವ. ಎಂಬತ್ತು ದಾಟಿದ ಅವನನ್ನು ಕೇಳಿದೆ. "ಬಸ್ಸಲ್ಲಾದ್ರೆ ಬತ್ತೆ. ಕಾರಲ್ಲಿ ಕೂತ್ರೆ ಯಾರ ಹತ್ರ ಮಾತಾಡದು?" ಅಂದ. ಫಾಲ್ಗುಣದ ಬಿಸಿಲು ಏರುವ ಹೊತ್ತಿಗೆ ಹೊರಟೆವು.

ಮೊದಲ ದಿನ: ತೋಟದ ಮನೆ

ನಮ್ಮ ಊರು ಶಿರಸಿಯಿಂದ ಪಶ್ಚಿಮಕ್ಕೆ, ಹುಲೇಕಲ್ ದಾಟಿ ಕಾಡಿನ ಕಡೆಗೆ. ಊರು ಅಂದರೆ ಗುಡ್ಡದ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಮನೆ, ಮನೆಯೆದುರಿನ ಕಣಿವೆಯಲ್ಲಿ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ನಾನು ಹಿಂದಿನ ದಿನವೇ ಹುಬ್ಬಳ್ಳಿಯಿಂದ ಬಂದಿದ್ದೆ. ಅಂಗಳದ ತುಂಬ ಚಾಲಿ ಹರವಿತ್ತು. ಹಣ್ಣಡಿಕೆಯನ್ನು ಸಿಪ್ಪೆಯೊಂದಿಗೇ ತಿಂಗಳ ಮೇಲೆ ಒಣಗಿಸಿ ಆಮೇಲೆ ಸುಲಿದರೆ ಅದು ಚಾಲಿ. ಹಸಿಯಾಗಿರುವಾಗಲೇ ಸುಲಿದು, ಹಂಡೆಯಲ್ಲಿ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಹಾಕಿ ಬೇಯಿಸಿ, ಅಟ್ಟದ ಮೇಲೆ ಒಣಗಿಸಿದರೆ ಕೆಂಪಡಿಕೆ. ಶಿರಸಿಯ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದರ ರುಚಿಗೆ ಮಣ್ಣು, ಮಳೆ ಎಷ್ಟು ಕಾರಣವೋ, ನೆರಳಿನಲ್ಲಿ ವರ್ಷವಿಡೀ ಕೊಳೆತು ಗೊಬ್ಬರವಾಗುವ ಸೊಪ್ಪೂ ಅಷ್ಟೇ ಕಾರಣ ಎಂದು ನಾನು ನಂಬಿದ್ದೇನೆ.

ನನ್ನ ಬಾಲ್ಯದ ಚಳಿಗಾಲ ಅಂದರೆ ಸುಲಿತದ ರಾತ್ರಿ. ಹಗಲಿಗೆ ಅಡಿಕೆಗೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತಾ ಕೊನೆ ಕೊಯ್ದು ಹಗ್ಗದಲ್ಲಿ ಇಳಿಬಿಡುತ್ತಿದ್ದ. ಒಬ್ಬ ಮರದಿಂದ ಕೆಳಗಿಳಿಯದೆ ಇಡೀ ಸಾಲು ಮುಗಿಸುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದೆವು. ಸಂಜೆ ಊಟ ಮುಗಿದ ಮೇಲೆ ಜಗಲಿಯ ಕೆಳಗಿನ ಚಪ್ಪರದಲ್ಲಿ ಗ್ಯಾಸ್‌ಲೈಟು ನೇತುಹಾಕುತ್ತಿದ್ದರು. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ನೆಟ್ಟಗೆ ನಿಂತ ಅಲಗಿಗೆ ಅಡಿಕೆಯನ್ನು ಎರಡು ಸಲ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಒಳಗಿನ ಅಡಿಕೆ ಒಂದು ಕಡೆ. ಕೂಲಿ ಡಬ್ಬದ ಲೆಕ್ಕ. ಸುಲಿಯುವವರಲ್ಲಿ ಅರ್ಧಕ್ಕರ್ಧ ಹೆಂಗಸರು ಕೆಳಗಿನಿಂದ ಬಂದವರು. ಅವರ ಕಡೆ ಅದಕ್ಕೆ ಘಟ್ಟಕ್ಕೆ ಹೋಗುವುದು ಅನ್ನುತ್ತಿದ್ದರು. ಭತ್ತದ ಕೊಯ್ಲು ಮುಗಿಸಿ, ಮಕ್ಕಳನ್ನು ಅಜ್ಜಿಯರ ಹತ್ತಿರ ಬಿಟ್ಟು, ಎರಡು ಮೂರು ತಿಂಗಳು ನಮ್ಮ ಕೊಟ್ಟಿಗೆಯ ಪಕ್ಕದ ಮನೆಯಲ್ಲಿ ಇರುತ್ತಿದ್ದರು. ಸಮುದ್ರ ಅನ್ನುವುದೊಂದಿದೆ, ಅದರಲ್ಲಿ ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ ಎಂದು ನನಗೆ ಮೊದಲು ಹೇಳಿದ್ದು ಶಾಲೆಯ ಪುಸ್ತಕವಲ್ಲ, ಸುಲಿಯುತ್ತಾ ಕೂತ ಆ ಹೆಂಗಸರು.

ಬೆಳಿಗ್ಗೆ ಅಪ್ಪಚ್ಚಿಯ ಜೊತೆ ತೋಟಕ್ಕೆ ಇಳಿದೆ. ಕಾದಿಗೆಯಲ್ಲಿ, ಅಂದರೆ ತೋಟದ ಕಾಲುವೆಯಲ್ಲಿ, ಸಣ್ಣಗೆ ನೀರು ಹರಿಯುತ್ತಿತ್ತು. ಅಡಿಕೆ ದಬ್ಬೆಯ ಕಾಲುಸಂಕದ ಜಾಗದಲ್ಲಿ ಸಿಮೆಂಟಿನ ಹಲಗೆ ಬಂದಿದೆ. ಬೆಟ್ಟದ ಅಂಚಿಗೆ ಬಂದಾಗ ಅವನು ನಿಂತ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಳಸುವ ಹಕ್ಕು ಬ್ರಿಟಿಷರ ಕಾಲದಿಂದ ನಮ್ಮಲ್ಲಿದೆ. ಸೊಪ್ಪು, ದರಕು (ಉದುರಿದ ಒಣ ಎಲೆ) ತರಬಹುದು, ಮರ ಕಡಿದು ಮಾರುವಂತಿಲ್ಲ. ಈ ಒಂದು ಕಟ್ಟುಪಾಡಿನಿಂದ ನಮ್ಮ ಕಡೆ ತೋಟದವನಿಗೆ ಕಾಡು ಪರರದ್ದು ಅನ್ನಿಸಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರಲ್ಲ, ಅದು ಏಕಾಏಕಿ ಬಂದ ಆವೇಶವಲ್ಲ. ಪಾಂಡುರಂಗ ಹೆಗಡೆಯವರು ಸಂಘಟಿಸಿದ ಆ ಅಪ್ಪಿಕೋ ಚಳವಳಿಗೆ ನಮ್ಮೂರಿನಿಂದಲೂ ಜನ ಹೋಗಿದ್ದರು. ನಾನಾಗ ಸಣ್ಣವಳು. ಮಳೆಯಲ್ಲಿ ಕಂಬಳಿಕೊಪ್ಪೆ ಸೂಡಿ ಹೊರಟವರ ಸಾಲು ನೆನಪಿದೆ, ಬುತ್ತಿಗೆ ಆಯಿ (ಅಮ್ಮ) ಕಟ್ಟಿಕೊಟ್ಟ ಅವಲಕ್ಕಿ ನೆನಪಿದೆ.

"ಮರ ಇಲ್ದೇ ಹೋದ್ರೆ ಹಳ್ಳದಲ್ಲಿ ನೀರಿಲ್ಲೆ. ಹಳ್ಳದಲ್ಲಿ ನೀರಿಲ್ದೇ ಹೋದ್ರೆ ತೋಟ ಇಲ್ಲೆ. ಇಷ್ಟೇಯ ಗೊತ್ತಿದ್ದಿದ್ದು ನಂಗಕ್ಕೆ" ಅಂದ ಅಪ್ಪಚ್ಚಿ.

ಸಂಜೆ ಪಕ್ಕದ ಊರಿನಲ್ಲಿ ಆಲೆಮನೆ. ಹಿಂದೆ ಕೋಣ ಕಟ್ಟಿ ಗಾಣ ತಿರುಗಿಸುತ್ತಿದ್ದರು, ಈಗ ಯಂತ್ರ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಾ ನೊರೆ ಬರುವ ಆ ಪರಿಮಳ ಮಾತ್ರ ಹಾಗೆಯೇ ಇದೆ. ಮನೆಯ ಅತ್ತಿಗೆಯೊಬ್ಬರು ಒಲೆಯ ಮೇಲೆ ಮಡಕೆಯನ್ನು ಕವುಚಿಟ್ಟು ತೊಡದೇವು ಮಾಡುತ್ತಿದ್ದರು. ಅಕ್ಕಿಹಿಟ್ಟು ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿದ್ದು. ಬಟ್ಟೆಯ ಚೂರನ್ನು ಅದರಲ್ಲಿ ಅದ್ದಿ ಕಾದ ಮಡಕೆಯ ಬೆನ್ನ ಮೇಲೆ ಒಂದೇ ಎಳೆತಕ್ಕೆ ಎಳೆಯಬೇಕು. ಎಳೆದ ಕ್ಷಣದಲ್ಲಿ ಹಿಟ್ಟು ಒಣಗಿ ಅಂಚು ಏಳುತ್ತದೆ. ಕೈ ಸುಡುವ ಮೊದಲು ಬಿಡಿಸಿ ಮಡಚಬೇಕು. ಅತ್ತಿಗೆಯ ಬೆರಳ ತುದಿ ಕೆಂಪಗಾಗಿದ್ದವು, ಮಾತು ಮಾತ್ರ ನಿಂತಿರಲಿಲ್ಲ. ಒಂದನ್ನು ಬಾಯಿಗಿಟ್ಟರೆ ಅಗಿಯುವುದಕ್ಕೇ ಏನೂ ಇರುವುದಿಲ್ಲ, ಕರಗಿ ಹೋಗುತ್ತದೆ. ಆ ರಾತ್ರಿ ಬಹಳ ಹೊತ್ತು ಅಲ್ಲೇ ಕೂತೆವು.

ಎರಡನೇ ದಿನ: ಶಿರಸಿ, ದೇವಿಮನೆ, ಕುಮಟೆ

ಬೆಳಗಿನ ಬಸ್ಸಿಗೆ ಶಿರಸಿ. ಮಾರಿಕಾಂಬೆಗೆ ಕೈ ಮುಗಿಯದೆ ಊರು ಬಿಡುವ ರೂಢಿ ನಮ್ಮಲ್ಲಿಲ್ಲ. ಗುಡಿಯ ಒಳಗೋಡೆಯ ಮೇಲಿನ ಕಾವಿ ಚಿತ್ರಗಳನ್ನು ಹುಡುಗಿಯಾಗಿದ್ದಾಗ ಗಮನಿಸಿಯೇ ಇರಲಿಲ್ಲ, ಜಾತ್ರೆಯ ನೂಕಿನಲ್ಲಿ ಕಣ್ಣು ಬಳೆ ಅಂಗಡಿ, ತೊಟ್ಟಿಲುಗಳ ಮೇಲೇ ಇರುತ್ತಿತ್ತು. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯಲ್ಲಿ ಹಿಂದೆ ಕೋಣನ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ ಅದನ್ನು ನಿಲ್ಲಿಸುವ ಮಾತು ಗಟ್ಟಿಯಾಯಿತು, ಮುಂದೆ ಬಲಿ ನಿಂತೇ ಹೋಯಿತು. ನಮ್ಮ ಅಜ್ಜ ಆ ಸಭೆಗೆ ಹೋಗಿದ್ದನಂತೆ. ಗಾಂಧಿಯ ಮಾತಿಗಿಂತ ಸಭೆಯ ನಿಶ್ಶಬ್ದದ ಬಗ್ಗೆಯೇ ಹೆಚ್ಚು ಹೇಳುತ್ತಿದ್ದನಂತೆ.

ಪೇಟೆಯಲ್ಲಿ ಅಪ್ಪಚ್ಚಿಗೆ ತೋಟಗಾರ್ಸ್ ಸೇಲ್ ಸೊಸೈಟಿಯ ಅಂಗಳ ತೋರಿಸಲೇಬೇಕಿತ್ತು. 1923ರಲ್ಲಿ ತೋಟಿಗರೇ ಕಟ್ಟಿಕೊಂಡ ಸಹಕಾರಿ ಸಂಘ ಅದು. ಅದಕ್ಕೆ ಮೊದಲು ಸಾಲ ಕೊಟ್ಟ ಸಾಹುಕಾರನೇ ಅಡಿಕೆಯ ದರ ಕಟ್ಟುತ್ತಿದ್ದ. ಅಡಿಕೆ ಸುರುವಿದ ರಾಶಿಯ ಮುಂದೆ ನಿಂತು ವ್ಯಾಪಾರಿಗಳು ಟೆಂಡರು ಬರೆಯುವ ಪದ್ಧತಿ ಬಂದ ಮೇಲೆ ಬೆಳೆದವನಿಗೆ ತನ್ನ ಮಾಲಿನ ಬೆಲೆ ಏನೆಂದು ತಿಳಿಯಿತು. ಸಣ್ಣ ಹಿಡುವಳಿಯವರು ಈ ಜಿಲ್ಲೆಯಲ್ಲಿ ಉಳಿದದ್ದರಲ್ಲಿ ಇಂಥ ಸಂಘಗಳ ಪಾಲು ದೊಡ್ಡದು. ಇದನ್ನು ಇನ್ನೂ ಹೆಚ್ಚು ಜನ ಬರೆಯಬೇಕು.

ಕುಮಟೆಯ ಬಸ್ಸು ಹೊರಟಿತು. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ಗಾಡಿಯ ಕಾಲದಲ್ಲಿ ಹೋಗಿ ಬರುವುದು ವಾರದ ಕೆಲಸ. ಇಳಿಯುವಾಗ ಅಡಿಕೆ ಚೀಲ, ಮೆಣಸು, ಬೆಲ್ಲದ ಡಬ್ಬ. ಹತ್ತುವಾಗ ಉಪ್ಪು, ಹೆಂಚು, ತೆಂಗಿನಕಾಯಿ, ಚಿಮಣಿ ಎಣ್ಣೆ. ಒಂಟಿಗಾಡಿ ಹೊರಡುತ್ತಿರಲಿಲ್ಲ, ಹುಲಿಯ ಹೆದರಿಕೆ. ನಾಲ್ಕಾರು ಊರಿನ ಗಾಡಿಗಳು ಕೂಡಿ ಲಾಟೀನು ಕಟ್ಟಿಕೊಂಡು ಹೋಗುತ್ತಿದ್ದವು.

ದೇವಿಮನೆ ಘಟ್ಟದ ನೆತ್ತಿಯಲ್ಲಿ ದೇವಿಯ ಗುಡಿ. ಬಸ್ಸು ಅಲ್ಲಿ ನಿಂತಿತು. ಚಾಲಕ ಕಾಣಿಕೆ ಹಾಕಿ ಬಂದ, ಅಪ್ಪಚ್ಚಿಯೂ ಇಳಿದ.

"ಇಲ್ಲೇಯ ಕೂಸೆ, ಎತ್ತು ಬಿಚ್ಚಿ ಕಟ್ತಿದ್ಯ. ಇಳಿತಕ್ಕೆ ಮುಂಚೆ ಎತ್ತಿಗೆ ನೀರು, ನಂಗಕ್ಕೆ ಅವಲಕ್ಕಿ ಮೊಸರು. ಚಕ್ರಕ್ಕೆ ಮರದ ತುಂಡು ಕಟ್ಟಿ ಎಳೆಸ್ತಿದ್ದ, ಗಾಡಿ ಓಡದ್ದೇ ಇರಲಿ ಹೇಳಿ. ಅಪ್ಪಯ್ಯ ಇಡೀ ಘಟ್ಟ ನಡ್ಕಂಡೇ ಇಳೀತಿದ್ದ, ಎತ್ತಿನ ಕೊಂಬು ಹಿಡ್ಕಂಡು."

ಈ ಹಾದಿಯಲ್ಲಿ ಬರೀ ನಮ್ಮ ಅಡಿಕೆ ಇಳಿದದ್ದಲ್ಲ. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಹತ್ತಿ ಹೇರಿದ ಗಾಡಿಗಳು ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿದ್ದವು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದೂ ಅದೇ ಹೊತ್ತಿನಲ್ಲಿ. ಆಮೇಲೆ ಮಾರ್ಮಗೋವಾಕ್ಕೆ ರೈಲು ಬಂದು ಹತ್ತಿ ಆ ಕಡೆ ತಿರುಗಿತು, ಕುಮಟೆ ತಣ್ಣಗಾಯಿತು. ಪೇಟೆಯ ಹಳೆಯ ಓಣಿಗಳಲ್ಲಿ ಅಗಲ ಜಗಲಿಯ ಮನೆಗಳು ಇನ್ನೂ ಇವೆ. ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿದೆವು. ಬಡಿಸಿದ ಸಿಹಿ ಈರುಳ್ಳಿ ಹುಳಿಯನ್ನು ಅಪ್ಪಚ್ಚಿ ಎರಡು ಸಲ ಹಾಕಿಸಿಕೊಂಡ. ಈ ಹೊತ್ತಿಗೆ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿ ಮಾರುವ ಈರುಳ್ಳಿ ಅದು.

ಮೂರನೇ ದಿನ: ಗಜನಿ, ನದಿ, ಉಪ್ಪಿನ ಆಗರ

ಈ ದಿನಕ್ಕಾಗಿಯೇ ನಾನು ಬಂದದ್ದು.

ಅಘನಾಶಿನಿ ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾವ ಅಣೆಕಟ್ಟಿಗೂ ಸಿಗದೆ ಸಮುದ್ರ ಸೇರುತ್ತದೆ. ಪಕ್ಕದ ಕಾಳಿಗೂ ಶರಾವತಿಗೂ ಆ ಭಾಗ್ಯ ಉಳಿಯಲಿಲ್ಲ. ಮೇಲೆ ನಮ್ಮ ಕಾದಿಗೆಯ ನೀರು ಸೇರುವ ಹೊಳೆ ಕೆಳಗೆ ಬರುವಷ್ಟರಲ್ಲಿ ಆಚೆ ದಡ ಮಸುಕಾಗಿ ಕಾಣುವಷ್ಟು ಅಗಲವಾಗಿ, ಭರತಕ್ಕೆ ಉಪ್ಪಾಗಿ, ಇಳಿತಕ್ಕೆ ಕೆಸರು ತೋರಿಸುತ್ತಾ ನಿಲ್ಲುತ್ತದೆ.

ಮೊದಲು ಗಜನಿ ನೋಡಿದೆವು. ಹಿನ್ನೀರಿನ ಅಂಚಿನ ಈ ತಗ್ಗು ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಿತ್ತು. ಮಾಣಿಕಟ್ಟಾದ ಕಗ್ಗ ಅಂದರೆ ಹೆಸರಾದದ್ದು. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಮೊಳಕೆ ಬರಿಸಿದ ಬೀಜ ಬಿತ್ತುತ್ತಿದ್ದರು. ಪೈರು ಎದೆಯೆತ್ತರ ಬೆಳೆದು ನೀರಿನ ಮೇಲೆ ತಲೆ ಎತ್ತಿ ನಿಲ್ಲುತ್ತಿತ್ತು, ಒಂದಷ್ಟು ದಿನ ಉಪ್ಪುನೀರು ನುಗ್ಗಿದರೂ ಸಾಯುತ್ತಿರಲಿಲ್ಲ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಕಟ್ಟೆಯ ಜಂತ್ರಡಿ (ನೀರು ಬಿಡುವ ಬಾಗಿಲು) ತೆರೆದು ಭರತದ ನೀರು ಒಳಗೆ ಬಿಟ್ಟರೆ ಸಿಗಡಿ, ಮೀನು. ಊರಿನವರೆಲ್ಲ ಸೇರಿ ಮಣ್ಣಿನ ಕಟ್ಟೆಯನ್ನು ವರ್ಷವರ್ಷ ಕಟ್ಟಿಕೊಳ್ಳಬೇಕಿತ್ತು. ಒಬ್ಬನ ಪಾಲಿನ ಕಟ್ಟೆ ಒಡೆದರೆ ಎಲ್ಲರ ಗದ್ದೆ ಹಾಳು, ಹಾಗಾಗಿ ಕಟ್ಟೆ ಕಾಯುವುದು ಎಲ್ಲರ ಹೊಣೆ. ಸಿಗಡಿಯ ದುಡ್ಡು ದೊಡ್ಡದಾದ ಮೇಲೆ ಬಹಳಷ್ಟು ಗಜನಿ ಬರೀ ಸಿಗಡಿ ಹೊಂಡವಾಯಿತು, ಕಗ್ಗ ಬಿತ್ತುವವರು ವಿರಳ. ಕಟ್ಟೆಯ ಮೇಲೆ ನಿಂತಿದ್ದ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜನೊಬ್ಬ ಅಪ್ಪಚ್ಚಿಗೆ ಹೇಳಿದ: "ಕಗ್ಗದ ಗಂಜಿ ಉಂಡು ಹೋದ್ರೆ ಮಧ್ಯಾಹ್ನದ ತನಕ ಹಸಿವು ಅಂಬೂದೇ ಇರಲಿಲ್ಲಾ ಒಡೆಯಾ. ಈಗಿನ ರೇಷನ್ ಅಕ್ಕಿ ಹೊಟ್ಟೇಲಿ ನಿಲ್ಲೂದಿಲ್ಲ." ಉಪ್ಪಿನಲ್ಲಿ ಬದುಕುವ ಭತ್ತದ ತಳಿ ಜಗತ್ತಿನಲ್ಲೇ ಅಪರೂಪ. ಅದನ್ನು ಬಿತ್ತುವ ರೈತನಿಗೆ ಸಿಗಡಿಯವನಿಗೆ ಸಿಗುವಷ್ಟಾದರೂ ಸಿಗುವಂತೆ ಮಾಡಬೇಕಿತ್ತು. ಇಂಥ ಬೀಜ ಒಮ್ಮೆ ಕೈಬಿಟ್ಟರೆ ಮತ್ತೆ ತಯಾರಿಸಲು ಬರುವುದಿಲ್ಲ.

ಅಘನಾಶಿನಿ ಊರಿನಿಂದ ತದಡಿಗೆ ತಾರಿ, ಅಂದರೆ ಹೊಳೆ ದಾಟಿಸುವ ದೋಣಿ. ನೀರು ಇಳಿದಿತ್ತು. ಹೊಳೆಯ ನಡುವಿನ ದಿಬ್ಬದಲ್ಲಿ ಮೊಣಕಾಲುದ್ದ ನೀರಿನಲ್ಲಿ ಜನ ಬಗ್ಗಿ ಬಳಚು (ಚಿಪ್ಪುಮೀನು) ಹೆಕ್ಕುತ್ತಿದ್ದರು. ಕಾಲಿನಲ್ಲಿ ಮುಟ್ಟಿ ನೋಡಿ, ಕೈಯಲ್ಲಿ ಎತ್ತಿ, ಸೊಂಟಕ್ಕೆ ಹಗ್ಗ ಕಟ್ಟಿದ ಬುಟ್ಟಿಗೆ ಹಾಕುವುದು. ಒಳಗಿನ ಮಾಂಸ ಅವರ ಊಟಕ್ಕೆ, ಪೇಟೆಗೆ. ಚಿಪ್ಪನ್ನು ಸುಟ್ಟರೆ ಸುಣ್ಣ. ಅಪ್ಪಚ್ಚಿ ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು ಎಲೆಗೆ ಹಚ್ಚುತ್ತಾ ಆ ಕಡೆಯೇ ನೋಡುತ್ತಿದ್ದ. ಎಲೆ ಅಡಿಕೆ ಮೇಲಿನದು, ಸುಣ್ಣ ಈ ಹೊಳೆಯದು. ಬರೀ ಕವಳಕ್ಕಷ್ಟೇ ಅಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತದ ಜೊತೆ ಸುಣ್ಣ ಕಲಸಿ ಹೊಡೆಯುವ ಪದ್ಧತಿ ಬಂದ ಮೇಲೆ ಸುಣ್ಣ ತೋಟದ ಜೀವವನ್ನೇ ಹಿಡಿಯಿತು. ಅದಕ್ಕೂ ಮೊದಲು ಕರಡದ (ಒಣಹುಲ್ಲಿನ) ಕೊಟ್ಟೆ ಹೆಣೆದು ಪ್ರತಿ ಕೊನೆಗೂ ಕಟ್ಟುತ್ತಿದ್ದ ಕಷ್ಟ ಅವನಿಗೆ ಇನ್ನೂ ನೆನಪಿದೆ. ಹೊಳೆಯ ಮೇಲ್ಭಾಗದಲ್ಲಿ ಮಿರ್ಜಾನ ಕೋಟೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರಲ್ಲ, ಆ ಮೆಣಸೂ ಘಟ್ಟದ ಬಳ್ಳಿಯದೇ.

ತದಡಿಯಿಂದ ಸಾಣಿಕಟ್ಟೆಗೆ ರಿಕ್ಷಾ. ರಸ್ತೆ ತಿರುಗುತ್ತಲೇ ಕಣ್ಣು ಕುಕ್ಕುವ ಬಯಲು. ಚೌಕ ಚೌಕ ಮಡಿ, ಮಡಿಯಲ್ಲಿ ನಿಂತ ತೆಳುನೀರು, ದಂಡೆಯ ಮೇಲೆ ಉಪ್ಪಿನ ಗುಪ್ಪೆ. ಭರತದ ನೀರನ್ನು ಮೊದಲು ದೊಡ್ಡ ಕೆರೆಯಂಥ ಜಾಗಕ್ಕೆ ಬಿಟ್ಟುಕೊಳ್ಳುತ್ತಾರೆ. ಅಲ್ಲಿ ಬಿಸಿಲಿಗೆ ನೀರು ಆರುತ್ತಾ ಉಪ್ಪು ಗಟ್ಟಿಯಾಗುತ್ತದೆ. ಆಮೇಲೆ ಮಡಿಯಿಂದ ಮಡಿಗೆ ದಾಟಿಸಿ, ಕಡೆಗೆ ಮಣ್ಣನ್ನು ತುಳಿದು ಬಡಿದು ನೆಲಗಟ್ಟಿನಷ್ಟು ಗಟ್ಟಿ ಮಾಡಿದ ಮಡಿಗೆ ಬಿಡುತ್ತಾರೆ. ಅಲ್ಲಿ ಹರಳು ಕಟ್ಟುತ್ತದೆ. ಮರದ ಹಲಗೆಯ ಗೋರೆಯಲ್ಲಿ ಮೆಲ್ಲಗೆ ಎಳೆಯಬೇಕು. ಜೋರಾಗಿ ಎಳೆದರೆ ಮಣ್ಣು ಬರುತ್ತದೆ, ಹಗುರವಾಗಿ ಎಳೆದರೆ ಉಪ್ಪು ಅಲ್ಲೇ ಉಳಿಯುತ್ತದೆ. ಬುಟ್ಟಿ ಹೊರುವವರು ಹೆಚ್ಚಿನವರು ಹೆಂಗಸರು. ಉಪ್ಪು ತೆಗೆಯುವುದು ಆಗೇರ ಸಮುದಾಯದ ತಲೆಮಾರುಗಳ ಕಸುಬು.

ತಲೆಯ ಸಿಂಬಿ ಬಿಚ್ಚಿ ನೆರಳಿಗೆ ಬಂದ ಒಬ್ಬರ ಪಾದ ನೋಡಿದೆ. ಹಿಮ್ಮಡಿಯ ಬಿರುಕುಗಳಲ್ಲಿ ಉಪ್ಪು ಬೆಳ್ಳಗೆ ಕೂತಿತ್ತು. ಎಣ್ಣೆ ಹಚ್ಚಿಕೊಳ್ಳುತ್ತಾ ಮಾತಾಡಿದರು.

"ಮೋಡ ಮುಚ್ಕಂಡ್ರೆ ಆಯ್ತು, ಕೈಗೆ ಬಂದದ್ದೂ ಕರಗ್ತದೆ. ಬಿಸಿಲು ನಮಗೆ ಬೇಕೂ ಬೇಕು, ಸುಡೂದೂ ಅದೇಯ. ಯಾವೂರಾಯ್ತು ಅಮ್ಮಾ?"

"ಶಿರಸಿ ಕಡೆ."

"ಓ, ಘಟ್ಟದವ್ರು. ನಮ್ಮ ಅತ್ತೆ ಅಡಿಕೆ ಸುಲೀಲಿಕ್ಕೆ ಘಟ್ಟಕ್ಕೆ ಬರ್ತಿದ್ರು. ಅಲ್ಲಿ ಚಳಿ ಅಂದ್ರೆ ಚಳಿ ಅಂತೆ. ಆದ್ರೆ ಮಜ್ಜಿಗೆ ಬೇಕಾದಷ್ಟು ಕೊಡ್ತಿದ್ರು ಅಂತಿದ್ರು."

ಯಾವ ಊರಿಗೆ ಬರುತ್ತಿದ್ದರು ಎಂದು ಕೇಳಿದೆ, ಅವರಿಗೆ ಗೊತ್ತಿರಲಿಲ್ಲ. ಘಟ್ಟ, ಅಷ್ಟೇ. ನಮ್ಮ ಕಡೆಯೂ ಅವರು ಕೆಳಗಿನ ಆಳುಗಳು, ಅಷ್ಟೇ. ಅಷ್ಟು ವರ್ಷ ಒಂದೇ ಚಪ್ಪರದಡಿ ಕೂತವರ ಊರು ನಮ್ಮ ಮನೆಯ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ, ಡಬ್ಬದ ಲೆಕ್ಕ ಮಾತ್ರ ಇದೆ. ಇದು ನನ್ನನ್ನು ಬಹಳ ಕಾಡಿತು. ಅವರಿದ್ದ ಬದುಕು ನಮ್ಮ ಬಾಲ್ಯದ ಸುಂದರ ನೆನಪಿನೊಳಗೆ ಮುಚ್ಚಿಹೋಗಬಾರದು.

ಒಂದು ಸಣ್ಣ ಚೀಲ ಉಪ್ಪು ಕೊಂಡೆವು. ಬೂದು ಬಣ್ಣದ ದಪ್ಪ ಹರಳು. ನಮ್ಮ ಮನೆಯಲ್ಲಿ ಇದನ್ನು ಮರದ ಮರಿಗೆಯಲ್ಲಿ ಒಲೆಯ ಹತ್ತಿರ ಇಡುತ್ತಿದ್ದರು, ಮಳೆಗಾಲಕ್ಕೆ ಬೆವರಿ ನೀರಾಗುತ್ತದೆಂದು. ಅಪ್ಪೆಮಿಡಿಗೆ ಇದೇ ಉಪ್ಪು ಬೇಕು. ಆಯಿ ಪ್ಯಾಕೆಟ್ಟಿನ ಪುಡಿಯುಪ್ಪನ್ನು ಮಿಡಿಯ ಭರಣಿಯ ಹತ್ತಿರ ಸೇರಿಸಿದ್ದಿಲ್ಲ. ರಾತ್ರಿ ಗೋಕರ್ಣದಲ್ಲಿ ಉಳಿದೆವು, ಮಹಾಬಲೇಶ್ವರನ ದರ್ಶನವಾಯಿತು. ದಣಿವಿಗೆ ಬೇಗ ಮಲಗಿದೆವು.

ನಾಲ್ಕನೇ ದಿನ: ಅಂಕೋಲೆ

ಗೋಕರ್ಣದಿಂದ ಹೆದ್ದಾರಿಗೆ ಬಂದು ಅಂಕೋಲೆಯ ದಾರಿ. ಶಿರೂರು ಬಂದಾಗ ಬಸ್ಸಿನಲ್ಲಿ ಮಾತು ನಿಂತಿತು. 2024ರ ಜುಲೈ 16ರಂದು ಹೆದ್ದಾರಿಗೆಂದು ಕಡಿದ ಗುಡ್ಡ ಜರಿದು, ಚಹಾದಂಗಡಿ, ಲಾರಿ, ಜನರನ್ನು ಗಂಗಾವಳಿಗೆ ತಳ್ಳಿದ ಜಾಗ. ಎದುರು ದಡದ ಉಳುವರೆಯ ಮನೆಗಳಿಗೂ ಹೊಳೆಯ ನೀರು ಎದ್ದು ಅಪ್ಪಳಿಸಿತ್ತು. ಕೆಂಪು ಗಾಯ ಇನ್ನೂ ಕಾಣುತ್ತದೆ. ಗುಡ್ಡದ ಬುಡ ಕಡಿದರೆ ನೆತ್ತಿ ನಿಲ್ಲುವುದಿಲ್ಲ ಎಂಬುದನ್ನು ನಮ್ಮ ತೋಟದ ಧರೆ ಕಡಿಯುವ ಆಳೂ ಬಲ್ಲ.

ಅಂಕೋಲೆಯಲ್ಲಿ ಉಪ್ಪು ಮತ್ತೆ ಎದುರಾಯಿತು. ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ ವಾರದೊಳಗೇ, 1930ರ ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಕಾಯ್ದೆ ಮುರಿದು ಉಪ್ಪು ಮಾಡಿದರು. ಕರ್ನಾಟಕದ ಬೇರೆ ಬೇರೆ ಕಡೆಯಿಂದ ಸತ್ಯಾಗ್ರಹಿಗಳು ಬಂದಿದ್ದರು. ಮುಂದೆ ಕರನಿರಾಕರಣೆ. ಅಂಕೋಲೆಯ ಸೂರ್ವೆಯಂಥ ಊರುಗಳ ರೈತರು, ಮೇಲೆ ಸಿದ್ದಾಪುರ, ಶಿರಸಿಯ ರೈತರು ಭೂಕಂದಾಯ ಕೊಡಲಿಲ್ಲ. ಸರ್ಕಾರ ಗದ್ದೆ, ತೋಟ, ದನ, ಪಾತ್ರೆ ಜಪ್ತಿ ಮಾಡಿತು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯಂತೆ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಅಪ್ಪಚ್ಚಿ ಹೇಳಿದ್ದು: ಜಪ್ತಿಯ ದಿನಗಳಲ್ಲಿ ನಮ್ಮ ಊರಿನ ಒಂದು ಮನೆಯವರು ತಾಮ್ರದ ಹಂಡೆಯನ್ನೇ ತೋಟದ ಗೊಬ್ಬರಗುಂಡಿಯಲ್ಲಿ ಹುಗಿದಿದ್ದರಂತೆ, ಅಡಿಕೆ ಬೇಯಿಸಲು ಬೇರೆ ಹಂಡೆ ಇಲ್ಲವಲ್ಲ ಎಂದು. ಘಟ್ಟದ ಮೇಲೂ ಕೆಳಗೂ ಒಂದೇ ಹಟ ಹಿಡಿದು ಕೂತ ವರ್ಷಗಳು ಅವು. ನಮ್ಮ ಮಕ್ಕಳಿಗೆ ಕಲಿಸಬೇಕಾದ ಇತಿಹಾಸ ನಮ್ಮ ಗೊಬ್ಬರಗುಂಡಿಯಲ್ಲೇ ಇತ್ತು.

ಮಧ್ಯಾಹ್ನ ಬಡಗೇರಿ. ಸಾವಿರಾರು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಸುಕ್ರಿ ಬೊಮ್ಮಗೌಡ ಈ ಊರಿನವರು. ಊರಿನ ಸಾರಾಯಿ ವಿರುದ್ಧ ಹೋರಾಡಿದವರು, 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹತ್ತಿರದ ಹೊನ್ನಳ್ಳಿಯ ತುಳಸಿ ಗೌಡರು ಅದಕ್ಕೆ ಎರಡು ತಿಂಗಳ ಮೊದಲು, 2024ರ ಡಿಸೆಂಬರಿನಲ್ಲಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದ ಅವರಿಗೆ ಯಾವ ತಾಯಿಮರದ ಬೀಜವನ್ನು ಯಾವಾಗ ಹೆಕ್ಕಬೇಕೆಂಬುದು ಗೊತ್ತಿತ್ತು. ಇಬ್ಬರೂ ಶಾಲೆಗೆ ಹೋದವರಲ್ಲ.

ಸಂಜೆಗೆ ಸುಗ್ಗಿ ಮಕ್ಕಳು ಸಿಕ್ಕರು. ಹೋಳಿಯ ಮುಂಚಿನ ದಿನಗಳಲ್ಲಿ ಹಾಲಕ್ಕಿಗಳ ಸುಗ್ಗಿ ತಂಡ ಮನೆಮನೆಗೆ ಹೋಗುತ್ತದೆ. ಬೇರೆ ಬೇರೆ ಬಣ್ಣದ ಹೂ ಕಟ್ಟಿದ ಎತ್ತರದ ತುರಾಯಿ ತಲೆಯ ಮೇಲೆ, ಕೈಯಲ್ಲಿ ಕೋಲು, ನವಿಲುಗರಿಯ ಕುಂಚ, ಜೊತೆಗೆ ಗುಮಟೆ ಜಾಗಟೆಯ ಸದ್ದು. ಅಂಗಳದಲ್ಲಿ ಸುತ್ತು ಕಟ್ಟಿ ಕುಣಿಯುವಾಗ ಒಬ್ಬ ಪುಟ್ಟ ಹುಡುಗನ ತುರಾಯಿ ಅವನಿಗಿಂತ ದೊಡ್ಡದಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡು ಹೆಜ್ಜೆ ತಪ್ಪಿಸದೆ ಕುಣಿದ. ಕುಣಿತ ಮುಗಿದ ಮೇಲೆ ಅವನ ಅಜ್ಜ ಅದನ್ನು ಇಳಿಸಿ ಹಣೆ ಒರೆಸಿದ, ಹುಡುಗ ಮತ್ತೆ ಹಾಕು ಅಂದ.

ಐದನೇ ದಿನ: ಕಾರವಾರ

ಕಾರವಾರದ ದಾರಿಯಲ್ಲಿ ಅರ್ಗಾ, ಬಿಣಗಾ ಬರುವಾಗ ಸಮುದ್ರದ ಕಡೆ ಉದ್ದಕ್ಕೂ ನೌಕಾನೆಲೆಯ ಗೋಡೆ. 1986ರಲ್ಲಿ ಅಡಿಗಲ್ಲಾಗಿ 2005ರಲ್ಲಿ ಸೇವೆಗೆ ಬಂದ ಐಎನ್‌ಎಸ್ ಕದಂಬ. ದೇಶಕ್ಕೆ ಬೇಕಾದ್ದು ನಿಜ. ಅದಕ್ಕಾಗಿ ಗದ್ದೆ, ದಂಡೆ, ದೇವರ ಜಾಗ ಬಿಟ್ಟು ಎದ್ದ ಊರುಗಳ ಜನರನ್ನು ನೆನೆಯುವುದೂ ಅಷ್ಟೇ ಬೇಕಾದ್ದು.

1638ರ ಹೊತ್ತಿಗೇ ಇಂಗ್ಲಿಷರು ಮೆಣಸು ಮತ್ತು ಬಟ್ಟೆಗಾಗಿ ಕೋಠಿ ಹಾಕಿದ ಊರಿದು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಮೊದಲಲ್ಲಿ, ರವೀಂದ್ರನಾಥ ಟ್ಯಾಗೋರರು ಬಂದು ಉಳಿದಿದ್ದರು. ದಂಡೆಗೆ ಅವರದೇ ಹೆಸರು. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟಿನ ಒಂದು ರಾತ್ರಿ ಕುಸಿದು ಬಿತ್ತು, ಈಗ ಹೊಸದರ ಮೇಲೇ ಎಲ್ಲ ಓಡಾಟ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಅದನ್ನು ಕಟ್ಟಿಸಿದವರು ನಮ್ಮ ಸೋದೆಯ ಅರಸರು, ಮತ್ತೆ ಘಟ್ಟದ ಮೇಲಿನವರೇ.

ದಂಡೆಯಲ್ಲಿ ಬೆಳಿಗ್ಗೆ ಏಂಡಿ ಬಲೆ, ಅಂದರೆ ದಂಡೆಯಿಂದ ಎಳೆಯುವ ಚಿಕ್ಕ ಬಲೆ, ಎಳೆಯುತ್ತಿದ್ದರು. ದೊಡ್ಡ ರಂಪಣಿಯ ಕಾಲ ಹೋಯಿತು. ರಂಪಣಿ ಅಂದರೆ ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರದ ಹಾಗೆ ಸಮುದ್ರದಲ್ಲಿ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಊರಿಗೆ ಊರೇ ಎಳೆಯುವುದು. ಬಂಗಡೆ, ತಾರ್ಲೆ ರಾಶಿ ರಾಶಿ ಬಂದು ಬೀಳುತ್ತಿತ್ತು, ತಿಂದು ಮಾರಿ ಉಳಿದದ್ದು ತೆಂಗಿನ ಬುಡಕ್ಕೆ ಗೊಬ್ಬರ. ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದು ಮೀನನ್ನು ದಂಡೆಗೆ ಬರುವ ಮೊದಲೇ ಹಿಡಿಯತೊಡಗಿದ ಮೇಲೆ, 1970ರ ದಶಕದ ಕೊನೆಯಿಂದ ರಂಪಣಿ ಸೊರಗಿತು. ಹಗ್ಗದ ಹತ್ತಿರ ನಿಂತಿದ್ದ ಹಿರಿಯ ಮೀನುಗಾರ ಕೊಂಕಣಿ ಬೆರೆತ ಕನ್ನಡದಲ್ಲಿ ಹೇಳಿದರು: "ಹಗ್ಗಕ್ಕೆ ಕೈ ಹಚ್ಚಿದವ್ರಿಗೆಲ್ಲಾ ಪಾಲು ಇತ್ತು. ಮುದುಕರಿಗೂ, ಗಂಡ ಇಲ್ಲದ ಹೆಂಗಸರಿಗೂ. ದೋಣಿ ಯಾರದ್ದು ಅಂತ ಕೇಳ್ತಿರಲಿಲ್ಲ."

ಅಪ್ಪಚ್ಚಿ ಚೀಲವನ್ನು ನನ್ನ ಕೈಗೆ ಕೊಟ್ಟ, ಪಂಚೆ ಎತ್ತಿ ಕಟ್ಟಿದ. ನಾನು ಏನಾದರೂ ಹೇಳುವ ಮೊದಲೇ ಸಾಲಿನ ಹಿಂದೆ ಹೋಗಿ ಹಗ್ಗ ಹಿಡಿದ. ಯಾರೂ ಬೇಡ ಅನ್ನಲಿಲ್ಲ, ಮುಂದಿದ್ದ ಹುಡುಗ ಒಂದು ಹೆಜ್ಜೆ ಸರಿದು ಜಾಗ ಕೊಟ್ಟ. ಹೂಂ ಅನ್ನುವ ತಾಳಕ್ಕೆ ಎಲ್ಲರೂ ಹಿಂದೆ ವಾಲುತ್ತಿದ್ದರು, ಅವನೂ ವಾಲಿದ. ಬಲೆಯ ಹೊಟ್ಟೆ ದಂಡೆಗೆ ಬಂದಾಗ ಮೀನು ಬಹಳವೇನೂ ಇರಲಿಲ್ಲ. ಹಿರಿಯರು ಹಂಚುತ್ತಾ ಅಪ್ಪಚ್ಚಿಯ ಮುಂದೆಯೂ ಮೂರು ಬಂಗಡೆ ಇಟ್ಟರು.

"ನಾವು ತಿಂಬದಿಲ್ಲೆ" ಅಂದ ಅಪ್ಪಚ್ಚಿ.

"ತಿನ್ನೂದು ಬಿಡೂದು ನಿಮ್ಮ ಕೆಲಸ. ಪಾಲು ಪಾಲೇ."

ಬುಟ್ಟಿ ಹಿಡಿದು ಕಾಯುತ್ತಿದ್ದ ಮುದುಕಿಯೊಬ್ಬಳಿಗೆ ಅವನು ಅದನ್ನು ಕೊಟ್ಟ. ಅವಳು ಸುಮ್ಮನೆ ತೆಗೆದುಕೊಳ್ಳಲಿಲ್ಲ, ಸೊಂಟದ ಚೀಲದಿಂದ ಎರಡು ವೀಳ್ಯದೆಲೆ ತೆಗೆದು ಅವನ ಕೈಗಿಟ್ಟಳು. ಅಡಿಕೆ ಇದ್ದರೆ ಅರ್ಧ ಕೊಡು ಎಂದು ಕೇಳಿದಳು. ಅಪ್ಪಚ್ಚಿ ಮರಳಲ್ಲೇ ಕೂತು ಅಡಕತ್ತರಿ ತೆಗೆದ.